ಹಣಕಾಸು ಪುಟದಲ್ಲಿ ಮನೆಯವರಿಗೂ ಜಾಗವಿರಲಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಹಣಕಾಸು ಪುಟವನ್ನು ನಾನು ತಪ್ಪದೆ ಓದುತ್ತೇನೆ. 31 ವರ್ಷ ಲೆಕ್ಕಪತ್ರ ವಿಭಾಗದಲ್ಲಿ ದುಡಿದು ನಿವೃತ್ತಳಾದವಳು ನಾನು. ಪತ್ರಿಕೆ ಕೈಗೆ ಬಂದೊಡನೆ ಕಣ್ಣು ಮೊದಲು ಅಂಕಿಗಳ ಕಡೆಗೇ ಹೋಗುತ್ತದೆ. ಯಾವ ಹೂಡಿಕೆ ಐದು ವರ್ಷಗಳಲ್ಲಿ ಎಷ್ಟು ಪಟ್ಟಾಯಿತು, ಮೂವತ್ತಕ್ಕೆ ಆರಂಭಿಸಿದವರಿಗೆ ಅರವತ್ತಕ್ಕೆ ಎಷ್ಟು ಕೂಡುತ್ತದೆ ಎಂದು ನೀವು ಕೊಡುವ ಲೆಕ್ಕಗಳಲ್ಲಿ ನನಗೆ ತಪ್ಪು ಕಂಡದ್ದು ಕಡಿಮೆ. ಆದರೆ ಆ ಲೆಕ್ಕಗಳಲ್ಲಿ ಹಣ ಹೂಡುವವನು ಯಾವಾಗಲೂ ಒಬ್ಬಂಟಿ. ಅವನಿಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ, ಹಾಸಿಗೆ ಹಿಡಿದ ತಂದೆಯಿಲ್ಲ. ‘ನೀವು ಎಷ್ಟು ಅಪಾಯವನ್ನು ತಾಳಬಲ್ಲಿರಿ?’ ಎಂದು ಕೇಳುವ ಪ್ರಶ್ನಾವಳಿಗಳಲ್ಲಿ ‘ನೀವು’ ಎಂದರೆ ಯಾರು ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಆ ಪ್ರಶ್ನೆಗೆ ಒಬ್ಬರೇ ಉತ್ತರ ಬರೆದಿದ್ದರು, ಅದರ ಫಲವನ್ನು ನಾಲ್ವರು ಉಂಡೆವು. ಈ ಪತ್ರ ಬರೆಯಲು ಅದೇ ಕಾರಣ.

ನಮ್ಮ ಯಜಮಾನರು ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದರು. ಕಂಪನಿಯು ನೌಕರರಿಗೆ ತನ್ನ ಷೇರುಗಳನ್ನು ರಿಯಾಯಿತಿ ದರದಲ್ಲಿ ಕೊಡುತ್ತಿತ್ತು. ಪ್ರತಿ ವರ್ಷವೂ ತಪ್ಪದೆ ಕೊಂಡರು. ‘ದಿನವೂ ಕಣ್ಣಾರೆ ನೋಡುವ ಕಂಪನಿ. ಇದಕ್ಕಿಂತ ಚೆನ್ನಾಗಿ ನನಗೆ ಗೊತ್ತಿರುವುದು ಬೇರೆ ಯಾವುದಿದೆ?’ ಎನ್ನುತ್ತಿದ್ದರು. ಷೇರಿನ ಬೆಲೆ ಹದಿನಾಲ್ಕು ವರ್ಷ ಏರಿತು. ಆ ಹೊತ್ತಿಗೆ ನಮ್ಮ ಉಳಿತಾಯದ ಹತ್ತು ಪಾಲಿನಲ್ಲಿ ಏಳು ಪಾಲು ಅಲ್ಲೇ ಇತ್ತು. ಇದು ನನಗೆ ಗೊತ್ತಿರಲಿಲ್ಲ. ಊರವರ ಲೆಕ್ಕಗಳನ್ನೆಲ್ಲ ತಿದ್ದುತ್ತಿದ್ದ ನಾನು ನನ್ನ ಮನೆಯ ಲೆಕ್ಕವನ್ನು ಒಮ್ಮೆಯೂ ಕೇಳಿ ತೆರೆಸಿರಲಿಲ್ಲ. ಅದು ನನ್ನ ತಪ್ಪು. ಇಂದಿಗೂ ನನ್ನನ್ನು ಬಾಧಿಸುವ ತಪ್ಪು.

ಹದಿನೈದನೆಯ ವರ್ಷ ಕಂಪನಿಗೆ ಕೆಲಸದ ಆದೇಶಗಳು ಬರುವುದು ನಿಂತಿತು. ಮೊದಲು ಸಂಬಳ ತಡವಾಯಿತು, ಆಮೇಲೆ ನೌಕರರನ್ನು ಕೆಲಸದಿಂದ ತೆಗೆದರು. ತೆಗೆದವರ ಪಟ್ಟಿಯಲ್ಲಿ ಯಜಮಾನರ ಹೆಸರೂ ಇತ್ತು. ಅಷ್ಟರಲ್ಲಿ ಷೇರಿನ ಬೆಲೆ ಎಂಟನೆಯ ಒಂದು ಪಾಲಿಗೆ ಬಂದಿತ್ತು. ಕೆಲಸ ಹೋದದ್ದಕ್ಕೂ ಉಳಿತಾಯ ಕರಗಿದ್ದಕ್ಕೂ ಕಾರಣ ಒಂದೇ ಆಗಿತ್ತು ಎಂಬುದು ನನಗೆ ಹೊಳೆದದ್ದು ಆಗ. ಸಂಬಳ ನಿಂತರೆ ಆಸರೆಯಾಗಲಿ ಎಂದು ಕೂಡಿಟ್ಟ ಹಣವು ಸಂಬಳ ಕೊಡುವ ಕೈಯಲ್ಲೇ ಇತ್ತು. ಅದೇ ವರ್ಷ ಮಗಳು ಕಾಲೇಜು ಸೇರಿದಳು. ಶುಲ್ಕಕ್ಕೂ ಮನೆಸಾಲದ ಕಂತಿಗೂ ಇದ್ದಬದ್ದ ಷೇರುಗಳನ್ನೆಲ್ಲ ಪಾತಾಳದ ಬೆಲೆಗೆ ಮಾರಿದೆವು. ಎರಡು ವರ್ಷಗಳ ನಂತರ ಆ ಷೇರು ಹಳೆಯ ಬೆಲೆಯ ಅರ್ಧದಷ್ಟು ಚೇತರಿಸಿಕೊಂಡಿತು. ನಮ್ಮ ಬಳಿ ಆಗ ಒಂದೂ ಉಳಿದಿರಲಿಲ್ಲ.

ಇದು ನಮ್ಮೊಬ್ಬರ ಕಥೆಯಲ್ಲ. ಅಮೆರಿಕದ ಎನ್ರಾನ್ ಕಂಪನಿ 2001ರ ಡಿಸೆಂಬರ್ 2ರಂದು ದಿವಾಳಿ ಅರ್ಜಿ ಹಾಕಿದಾಗ ಅಲ್ಲಿನ ನೌಕರರಿಗೂ ಇದೇ ಆಯಿತು. ಅವರ ನಿವೃತ್ತಿ ಉಳಿತಾಯದ ಅರ್ಧಕ್ಕಿಂತ ಹೆಚ್ಚು ಭಾಗ ಆ ಕಂಪನಿಯ ಷೇರುಗಳಲ್ಲೇ ಇತ್ತು. 2000ದ ಆಗಸ್ಟ್‌ನಲ್ಲಿ ಸುಮಾರು 90 ಡಾಲರ್ ಇದ್ದ ಷೇರು ಒಂದು ಡಾಲರಿಗಿಂತ ಕೆಳಗೆ ಬಿತ್ತು. ಆ ಸಾವಿರಾರು ಜನ ಜೂಜುಕೋರರಾಗಿರಲಿಲ್ಲ. ತಮ್ಮ ಕೆಲಸವನ್ನು ಪ್ರೀತಿಸಿದವರು, ಸಂಸ್ಥೆಯನ್ನು ನಂಬಿದವರು. ನಮ್ಮ ಯಜಮಾನರೂ ಅಂಥವರೇ. ಅದಕ್ಕೇ ಈ ಬಗೆಯ ಅಪಾಯ ಅಪಾಯದಂತೆ ಕಾಣುವುದಿಲ್ಲ, ನಿಷ್ಠೆಯಂತೆ ಕಾಣುತ್ತದೆ.

ಕಂಪನಿ ಕೆಲಸದಿಂದ ತೆಗೆದ ಮೇಲೆ ಒಂಬತ್ತು ತಿಂಗಳು ಯಜಮಾನರಿಗೆ ಬೇರೆ ಕೆಲಸ ಸಿಗಲಿಲ್ಲ. ನನ್ನ ಸಂಬಳದಲ್ಲಿ ಮನೆಯ ಖರ್ಚಿನ ಅರ್ಧದಷ್ಟು ಮಾತ್ರ ನೀಗುತ್ತಿತ್ತು. ಒಂದು ರಾತ್ರಿ ಹೊಸ ನೋಟ್‌ಬುಕ್ ತೆಗೆದು ಕುಳಿತೆ. ಹಣವನ್ನು ಹಣವಾಗಿ ಬರೆಯದೆ ತಿಂಗಳುಗಳಾಗಿ ಬರೆದೆ. ನಾಲ್ವರ ಮನೆ ಒಂದು ತಿಂಗಳು ನಡೆಯಲು ಬೇಕಾದಷ್ಟಕ್ಕೆ ‘ಒಂದು’ ಎಂದು ಹೆಸರಿಟ್ಟೆ. ಹಿಂದಿನ ವರ್ಷದ ಕಾಗದಗಳ ಪ್ರಕಾರ ನಮ್ಮಲ್ಲಿ 60 ತಿಂಗಳಿತ್ತು. ಐದು ವರ್ಷ ಕೈಕಟ್ಟಿ ಕುಳಿತರೂ ಊಟಕ್ಕೆ ಕೊರತೆಯಿಲ್ಲದಷ್ಟು! ಆದರೆ ಅದರಲ್ಲಿ 42 ತಿಂಗಳು ಷೇರಿನಲ್ಲಿತ್ತು, 16 ತಿಂಗಳು ನಿವೃತ್ತಿಯವರೆಗೆ ಮುಟ್ಟಬಾರದ ನಿಧಿಯಲ್ಲಿತ್ತು, ಬ್ಯಾಂಕಿನಲ್ಲಿದ್ದದ್ದು ಎರಡೇ ತಿಂಗಳು. ಬೆಲೆ ಕುಸಿದ ಮೇಲೆ ಆ 42, ಐದಾಯಿತು. ಶ್ರೀಮಂತರೆಂದುಕೊಂಡಿದ್ದ ನಾವು ಕೈಗೆ ಸಿಗುವ ಏಳು ತಿಂಗಳ ಬಲದ ಮೇಲೆ ನಿಂತಿದ್ದೆವು.

ಅಂದಿನಿಂದ ನಾನು ಸಂಪತ್ತನ್ನು ಹೀಗೆಯೇ ಅಳೆಯುತ್ತೇನೆ. ಎಷ್ಟಿದೆ ಎಂಬ ಪ್ರಶ್ನೆಯ ಜೊತೆಗೆ, ಕೆಟ್ಟ ಕಾಲದಲ್ಲಿ ನಷ್ಟವಿಲ್ಲದೆ ಎಷ್ಟು ತಿಂಗಳಿಗೆ ಒದಗುತ್ತದೆ ಎಂದೂ ಕೇಳುತ್ತೇನೆ. ಸಂಬಳ ಏರಿದರೂ ಖರ್ಚು ಅಷ್ಟೇ ಏರಿದರೆ ಈ ಅಳತೆಯಲ್ಲಿ ಒಂದು ದಿನವೂ ಹೆಚ್ಚುವುದಿಲ್ಲ. ಖರ್ಚು ತಗ್ಗಿಸಿದರೆ ಉಳಿತಾಯದ ಮೊತ್ತ ಅಷ್ಟೇ ಇದ್ದರೂ ತಿಂಗಳುಗಳು ಹೆಚ್ಚುತ್ತವೆ. ಮಕ್ಕಳಿಗೂ ಇದು ಬೇಗ ಅರ್ಥವಾಯಿತು. ಆಗ ಎಂಟನೆಯ ತರಗತಿಯಲ್ಲಿದ್ದ ಮಗ ‘ಅಮ್ಮ, ಈಗ ಎಷ್ಟು ತಿಂಗಳು?’ ಎಂದು ಕೇಳುತ್ತಿದ್ದ.

ನಿಮ್ಮ ಪುಟದಲ್ಲಿ ಚಕ್ರಬಡ್ಡಿಯ ಮಹಿಮೆಯನ್ನು ಆಗಾಗ ಬರೆಯುತ್ತೀರಿ. ಅದು ಸತ್ಯ. 72ನ್ನು ಬಡ್ಡಿಯ ದರದಿಂದ ಭಾಗಿಸಿದರೆ ಹಣ ಸುಮಾರು ಎಷ್ಟು ವರ್ಷಗಳಲ್ಲಿ ಇಮ್ಮಡಿಯಾಗುತ್ತದೆಂದು ಸಿಗುತ್ತದೆ. ವರ್ಷಕ್ಕೆ ಶೇ 8 ಎಂದರೆ 9 ವರ್ಷ, 36 ವರ್ಷಕ್ಕೆ ಹದಿನಾರು ಪಟ್ಟು. ಆದರೆ ಈ ಲೆಕ್ಕಕ್ಕೆ ಒಂದು ಷರತ್ತಿದೆ: ನಡುವೆ ಕೈ ಹಾಕಬಾರದು. ಆ ಹದಿನಾರು ಪಟ್ಟಿನಲ್ಲಿ ಅರ್ಧ, ಅಂದರೆ ಎಂಟು ಪಟ್ಟು, ಬರುವುದು ಕೊನೆಯ ಒಂಬತ್ತು ವರ್ಷಗಳಲ್ಲಿ. ನಡುವೆ ಕೈ ಹಾಕಿಸುವುದು ಯಾವುದು? ಮನೆ. ಆಸ್ಪತ್ರೆ, ಶುಲ್ಕ, ಸಂಬಳವಿಲ್ಲದ ತಿಂಗಳುಗಳು. ಅದಕ್ಕಾಗಿ ಸುಲಭವಾಗಿ ಕೈಗೆಟುಕುವ ಠೇವಣಿಯನ್ನೂ ಆರೋಗ್ಯ ವಿಮೆಯನ್ನೂ ದುಡಿಯುವವರ ಜೀವವಿಮೆಯನ್ನೂ ‘ಬೆಳೆಯದ ಹಣ’ ಎಂದು ತಳ್ಳಿಹಾಕುವವರೊಂದಿಗೆ ನನಗೆ ತೀವ್ರ ಭಿನ್ನಾಭಿಪ್ರಾಯವಿದೆ. ಆ ಹಣ ತಾನು ಬೆಳೆಯದಿರಬಹುದು, ಬೆಳೆಯುವ ಹಣಕ್ಕೆ ಬೇಲಿಯಾಗಿ ನಿಲ್ಲುತ್ತದೆ. ನಮ್ಮಲ್ಲಿ ಹನ್ನೆರಡು ತಿಂಗಳ ಠೇವಣಿ ಇದ್ದಿದ್ದರೆ ಆ ಐದು ತಿಂಗಳ ಷೇರುಗಳನ್ನು ಮಾರದೆ ಕಾಯಬಹುದಿತ್ತು. ಎರಡು ವರ್ಷದ ನಂತರ ಅವೇ 21 ತಿಂಗಳಾಗುತ್ತಿದ್ದವು.

‘ದೀರ್ಘಾವಧಿಯಲ್ಲಿ ಎಲ್ಲ ಸರಿಹೋಗುತ್ತದೆ’ ಎಂಬ ಮಾತನ್ನೂ ಎಚ್ಚರದಿಂದ ಬಳಸಬೇಕೆಂದು ಕೋರುತ್ತೇನೆ. ನೂರರಲ್ಲಿ ಐವತ್ತು ಕಳೆದುಕೊಂಡವನು ಮೊದಲಿನ ಸ್ಥಿತಿಗೆ ಬರಲು ಉಳಿದ ಐವತ್ತು ಇಮ್ಮಡಿಯಾಗಬೇಕು. ಅಮೆರಿಕದ ಷೇರು ಪೇಟೆಯ ಏರಿಳಿತವನ್ನು ತೋರುವ ಡೌ ಜೋನ್ಸ್ ಸೂಚ್ಯಂಕ 1929ರ ಸೆಪ್ಟೆಂಬರ್‌ನಲ್ಲಿ 381ರಲ್ಲಿತ್ತು. 1932ರ ಜುಲೈಗೆ 41ಕ್ಕೆ ಇಳಿಯಿತು. ಹಳೆಯ ಮಟ್ಟ ಮತ್ತೆ ಕಂಡದ್ದು 1954ರ ನವೆಂಬರ್‌ನಲ್ಲಿ. ಜಪಾನಿನ ನಿಕೇ ಸೂಚ್ಯಂಕ 1989ರ ಡಿಸೆಂಬರ್ ಕೊನೆಯಲ್ಲಿ 38,915 ಮುಟ್ಟಿತ್ತು, ಅದನ್ನು ದಾಟಿದ್ದು 2024ರ ಫೆಬ್ರುವರಿಯಲ್ಲಿ. ಇವು ಬರೀ ಸೂಚ್ಯಂಕದ ಅಂಕಿಗಳು. ಕಂಪನಿಗಳು ಷೇರುದಾರರಿಗೆ ಹಂಚುವ ಲಾಭಾಂಶವನ್ನು ಸೇರಿಸಿದರೆ ಕಾಯುವ ಅವಧಿ ತಗ್ಗುತ್ತದೆ, ತಿಂಗಳು ತಿಂಗಳು ಸ್ವಲ್ಪಸ್ವಲ್ಪವೇ ಹೂಡಿದವರಿಗೆ ಇನ್ನೂ ತಗ್ಗುತ್ತದೆ. ಹಾಗಿದ್ದರೂ 25 ವರ್ಷ, 34 ವರ್ಷ ಎಂದರೆ ಮನೆಯ ಲೆಕ್ಕದಲ್ಲಿ ಏನು? ಅಂದು ಹುಟ್ಟಿದ ಮಗು ಓದು ಮುಗಿಸಿ ಕೆಲಸಕ್ಕೆ ಸೇರುವಷ್ಟು ಕಾಲ. ಪೇಟೆಗೆ ಕಾಯುವ ತಾಳ್ಮೆ ಇದೆ, ಮಗುವಿನ ಶಾಲೆಗೆ ಇಲ್ಲ. ಹಾಗೆಂದು ಷೇರು ಬೇಡವೆಂದು ನಾನು ಹೇಳುವವಳಲ್ಲ. ಬರೀ ಠೇವಣಿಯಲ್ಲಿಟ್ಟ ಹಣವನ್ನು ಬೆಲೆಯೇರಿಕೆ ಸದ್ದಿಲ್ಲದೆ ತಿನ್ನುತ್ತದೆ. ಹತ್ತು ವರ್ಷ ಬೇಡದ ಹಣ ಷೇರು ಪೇಟೆಯಲ್ಲಿರಲಿ, ಮುಂದಿನ ಮೂರು ವರ್ಷಗಳಲ್ಲಿ ಬೇಕಾಗುವುದು ಅಲ್ಲಿರಬಾರದು. ನಾವು ಈಗ ಪಾಲಿಸುವುದು ಇಷ್ಟನ್ನೇ.

ಹೂಡಿಕೆಯನ್ನು ಹಂಚಿಡುವುದಕ್ಕೆ ಗಣಿತದ ತಳಹದಿ ಹಾಕಿದವರು ಅಮೆರಿಕದ ಅರ್ಥಶಾಸ್ತ್ರಜ್ಞ ಹ್ಯಾರಿ ಮಾರ್ಕೊವಿಟ್ಜ್. 1952ರಲ್ಲಿ ಅವರ ಪ್ರಬಂಧ ಬಂತು, 1990ರಲ್ಲಿ ನೊಬೆಲ್ ಬಂತು. ತಮ್ಮ ಸ್ವಂತ ನಿವೃತ್ತಿ ಉಳಿತಾಯದ ಮಾತು ಬಂದಾಗ ಅವರು ತಮ್ಮದೇ ಸೂತ್ರಗಳನ್ನು ಬಳಸಲಿಲ್ಲ. ಅರ್ಧ ಷೇರು, ಅರ್ಧ ಬಡ್ಡಿ ಕೊಡುವ ಸಾಲಪತ್ರ (ಬಾಂಡ್) ಎಂದು ಇಬ್ಭಾಗ ಮಾಡಿದರು. ಪೇಟೆ ಏರಿದಾಗ ತಾನು ಅಲ್ಲಿಲ್ಲದಿದ್ದರೆ, ಬಿದ್ದಾಗ ತಾನು ಪೂರ್ತಿ ಅಲ್ಲೇ ಇದ್ದರೆ ಆಗುವ ದುಃಖವನ್ನು ಊಹಿಸಿಕೊಂಡು ಹಾಗೆ ಮಾಡಿದೆನೆಂದು ಅವರೇ ಹೇಳಿಕೊಂಡಿದ್ದಾರೆ. ಇದನ್ನು ಓದಿದ ದಿನ ಯಜಮಾನರನ್ನು ಕರೆದು ತೋರಿಸಿದೆ. ಅಂಥ ಪಂಡಿತರೇ ದುಃಖವನ್ನೂ ಲೆಕ್ಕಕ್ಕೆ ಹಿಡಿದಿರುವಾಗ ನಮ್ಮಂಥವರು ಹಿಡಿಯಲು ಸಂಕೋಚವೇಕೆ? ನಮ್ಮ ಮನೆಯಲ್ಲಿ ಅಪಾಯದ ಮಿತಿಯನ್ನು ಗೊತ್ತುಮಾಡುವುದು ಈಗ ನಾಲ್ವರಲ್ಲಿ ಅತಿ ಹೆಚ್ಚು ಅಂಜುವವರು, ಅಂದರೆ ನಾನು. ಇದರಿಂದ ಲಾಭ ಸ್ವಲ್ಪ ಕಡಿಮೆಯಾಗಿದೆ. ಅದನ್ನೂ ನಾಲ್ವರು ಒಪ್ಪಿಕೊಂಡಿದ್ದೇವೆ.

ಇನ್ನೊಂದು ಬದಿಯ ತಪ್ಪನ್ನೂ ನಾನು ಮಾಡಿದೆ. ಅದನ್ನು ಮುಚ್ಚಿಟ್ಟರೆ ಈ ಪತ್ರ ಸುಳ್ಳಾಗುತ್ತದೆ. ಯಜಮಾನರಿಗೆ ಬೇರೆ ಕೆಲಸ ಸಿಕ್ಕಿದ ಮೇಲೂ ನನ್ನ ಹೆದರಿಕೆ ಹೋಗಲಿಲ್ಲ. ಆರು ವರ್ಷ ಮನೆಯನ್ನು ಬಿಗಿಹಿಡಿದೆ. ಮಗ ಚಿತ್ರಕಲೆಯ ತರಗತಿಗೆ ಹೋಗುತ್ತಿದ್ದ, ಬಿಡಿಸಿದೆ. ಅವನು ಅಳಲಿಲ್ಲ, ಬಣ್ಣದ ಪೆಟ್ಟಿಗೆಯನ್ನು ತಾನೇ ಕಪಾಟಿನ ಮೇಲಿಟ್ಟ. ಅದೆಷ್ಟೋ ವರ್ಷಗಳ ನಂತರ ಹಳೆಯ ನೋಟ್‌ಬುಕ್ ತಿರುವಿ ಲೆಕ್ಕ ಹಾಕಿದೆ. ಆ ತರಗತಿಯ ಇಡೀ ವರ್ಷದ ಶುಲ್ಕ ನಮ್ಮ ಮನೆಯ ಖರ್ಚಿನ 11 ದಿನಗಳಿಗೆ ಸಮ. ಹನ್ನೊಂದು ದಿನ! ಅಷ್ಟು ಹೊತ್ತಿಗೆ ಬ್ಯಾಂಕಿನಲ್ಲಿ ನಮ್ಮ ಬಳಿ 20 ತಿಂಗಳಿತ್ತು. ಅವನು ಮತ್ತೆ ಕುಂಚ ಹಿಡಿಯಲಿಲ್ಲ. ಆ ಹನ್ನೊಂದು ದಿನಗಳನ್ನು ಎಷ್ಟು ಬಡ್ಡಿ ಸೇರಿಸಿ ಹಿಂದಿರುಗಿಸಿದರೂ ಅವನ ಹದಿಮೂರನೆಯ ವಯಸ್ಸು ಬರುವುದಿಲ್ಲ. ಸಂಪತ್ತು ಕಟ್ಟುವವರಿಗೆ ‘ಸಾಕು’ ಎಂಬ ಗೆರೆಯನ್ನು ಮೊದಲೇ ಎಳೆದುಕೊಳ್ಳಲು ಹೇಳಿಕೊಡುವ ಲೇಖನವನ್ನು ನಾನು ಇದುವರೆಗೆ ನಿಮ್ಮ ಪುಟದಲ್ಲಿ ಕಂಡಿಲ್ಲ.

ಈಗ ಆರು ತಿಂಗಳಿಗೊಮ್ಮೆ ಒಂದು ಭಾನುವಾರ ನಾಲ್ವರೂ ಎರಡು ಗಂಟೆ ಕೂರುತ್ತೇವೆ. ಮಕ್ಕಳು ದೂರದಲ್ಲಿದ್ದರೆ ಫೋನಿನಲ್ಲಿ ಸೇರುತ್ತಾರೆ. ಯಾವ ಖಾತೆ ಎಲ್ಲಿದೆ, ಯಾವ ವಿಮೆಗೆ ಯಾರು ನಾಮಿನಿ, ಯಾರಿಗೆ ಜಾಮೀನು ಹಾಕಿದ್ದೇವೆ ಎಂಬುದೆಲ್ಲ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿದೆ. ಯಾವುದೇ ಒಂದು ಕಂಪನಿಯಲ್ಲಿ ಇಪ್ಪತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚಿಲ್ಲ, ಸಂಬಳ ಕೊಡುವ ಕಂಪನಿಯಲ್ಲಿ ಏನೂ ಇಲ್ಲ. ನನ್ನ ಸಹೋದ್ಯೋಗಿಯೊಬ್ಬರು ಪತಿಯನ್ನು ಕಳೆದುಕೊಂಡಾಗ ಅವರ ಹೂಡಿಕೆಗಳು ಎಲ್ಲೆಲ್ಲಿವೆ ಎಂದು ತಿಳಿಯಲು ವರ್ಷಗಟ್ಟಲೆ ಕಚೇರಿಗಳನ್ನು ಅಲೆದರು. ದುಃಖದಲ್ಲಿರುವ ಹೆಂಗಸಿನ ಕೈಗೆ ಹಳೆಯ ಕಾಗದಗಳ ಚೀಲ ಕೊಟ್ಟು ಹೋಗುವುದು ಎಂಥ ಹೊರೆ ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ನಾನು ಕೇಳುವುದು ಎರಡನ್ನೇ. ಹೂಡಿಕೆಯ ಲಾಭದ ಅಂಕಿಯನ್ನು ಅಚ್ಚು ಮಾಡುವಾಗ, ಅದೇ ಹೂಡಿಕೆ ಅತಿ ಹೆಚ್ಚು ಎಷ್ಟು ಕುಸಿದಿತ್ತು, ಮತ್ತೆ ಮೇಲೆ ಬರಲು ಎಷ್ಟು ತಿಂಗಳು ಹಿಡಿಯಿತು ಎಂಬ ಎರಡು ಅಂಕಿಗಳನ್ನು ಅದರ ಪಕ್ಕದಲ್ಲೇ, ಅದೇ ಗಾತ್ರದ ಅಕ್ಷರಗಳಲ್ಲಿ ಕೊಡಿ. ಮತ್ತು ಹಣ ಬೆಳೆಸಿದವರ ಸಂದರ್ಶನ ಮಾಡುವಾಗ ಅವರ ಮನೆಯವರೊಬ್ಬರನ್ನೂ ಕೂರಿಸಿ, ‘ಹಣ ಬೆಳೆಯುತ್ತಿದ್ದ ಆ ವರ್ಷಗಳಲ್ಲಿ ನೀವು ಹೇಗಿದ್ದಿರಿ?’ ಎಂದು ಕೇಳಿ. ಅವರು ಹೇಳಿದ್ದನ್ನು ತಿದ್ದದೆ ಹಾಕಿ.

ಇತಿ,
ನಿವೃತ್ತ ಲೆಕ್ಕಾಧಿಕಾರಿ, ನಿಮ್ಮ ಓದುಗರಲ್ಲೊಬ್ಬಳು