ಇನ್ನು ಮುಂದೆ ಕೀಶ್ ಬೇಯುವುದು ನಿಮ್ಮ ಮನೆಯಲ್ಲಿ

ಪ್ರಿಯ ಗ್ರಾಹಕರೇ,

ನಮಸ್ಕಾರ. ಮುಂದಿನ ತಿಂಗಳ ಮೊದಲ ಶನಿವಾರದಿಂದ ನಮ್ಮ ಬೇಕರಿಯಲ್ಲಿ ಬೇಯಿಸಿದ ತರಕಾರಿ ಕೀಶ್ (ಗರಿಗರಿ ತಳಕ್ಕೆ ಮೊಟ್ಟೆ-ಹಾಲಿನ ಮಿಶ್ರಣ ತುಂಬಿ ಓವನ್‌ನಲ್ಲಿ ಬೇಯಿಸುವ ಫ್ರೆಂಚ್ ತಿಂಡಿ) ಸಿಗುವುದಿಲ್ಲ. ಅದರ ಬದಲು ಕೀಶ್‌ನ ತಳ, ಅಂದರೆ ಮೈದಾ-ಬೆಣ್ಣೆಯ ಹಸಿ ಶೆಲ್ಲನ್ನು ಫ್ರೀಜರ್‌ನಿಂದ ತೆಗೆದು ಕೊಡುತ್ತೇವೆ. ತುಂಬಿ ಬೇಯಿಸುವ ಕೆಲಸ ನಿಮ್ಮದು. ಬ್ರೆಡ್, ಬನ್, ಪಫ್ ಎಲ್ಲ ಎಂದಿನ ಹಾಗೇ ಇರುತ್ತವೆ, ಗಾಬರಿ ಬೇಡ.

ಚೆನ್ನಾಗಿ ಹೋಗುತ್ತಿದ್ದ ತಿಂಡಿಯನ್ನು ಯಾಕೆ ನಿಲ್ಲಿಸುತ್ತೀರಿ ಅಂತ ಕೌಂಟರಿನಲ್ಲಿ ಆಗಲೇ ಕೇಳುತ್ತಿದ್ದಾರೆ. ಓವನ್‌ನಿಂದ ಇಳಿಸಿ ಅರ್ಧ ಗಂಟೆಯೊಳಗೆ ತಿಂದ ಕೀಶ್‌ನ ರುಚಿಯೇ ಬೇರೆ. ಬಿಸಿಯಾಗಿ ಡಬ್ಬಿಗೆ ಹಾಕಿದರೆ ಹಬೆ ಮುಚ್ಚಳಕ್ಕೆ ತಾಗಿ, ನೀರಾಗಿ ಮತ್ತೆ ಮೇಲೆಯೇ ತೊಟ್ಟಿಕ್ಕುತ್ತದೆ. ಗರಿಗರಿ ಅಂಚು ಮೆತ್ತಗಾಗುತ್ತದೆ. ಆರಿಸಿ ಕೊಟ್ಟರೆ ಮನೆಯಲ್ಲಿ ಮೈಕ್ರೋವೇವ್‌ಗೆ ಹೋಗುತ್ತದೆ, ಅಲ್ಲಿ ತಳ ನಾರುನಾರಾಗುತ್ತದೆ. ಜೊತೆಗೆ ಇದು ಮೊಟ್ಟೆ, ಹಾಲು ಸೇರಿದ ತಿಂಡಿ. ಹೊರಗೆ 2 ಗಂಟೆಗಿಂತ ಜಾಸ್ತಿ ಇಡಬಾರದು. ನಮ್ಮ ಅಂಗಡಿಯಿಂದ ಆಫೀಸು, ಆಫೀಸಿನಿಂದ ಮಕ್ಕಳ ಟ್ಯೂಷನ್, ಆಮೇಲೆ ಮನೆ ಅಂದರೆ ಆ ಹೊತ್ತು ಎಲ್ಲಿ ಮೀರುತ್ತದೋ ಗೊತ್ತೇ ಆಗುವುದಿಲ್ಲ.

ಕೀಶ್‌ನಲ್ಲಿ ಕಷ್ಟದ ಭಾಗ ಅದರ ತಳ. 200 ಗ್ರಾಂ ಮೈದಾಕ್ಕೆ 100 ಗ್ರಾಂ ತಣ್ಣನೆ ಬೆಣ್ಣೆ, ಚಿಟಿಕೆ ಉಪ್ಪು, ಮೂರು-ನಾಲ್ಕು ದೊಡ್ಡ ಚಮಚ ಐಸ್ ನೀರು, ಇಷ್ಟೇ ಸಾಮಾನು. ಗುಟ್ಟೇನಿಲ್ಲ, ಮನೆಯಲ್ಲೇ ಮಾಡಿಕೊಳ್ಳುವವರು ಧಾರಾಳವಾಗಿ ಮಾಡಿಕೊಳ್ಳಿ. ಆದರೆ ಬೆಣ್ಣೆ ಕರಗಬಾರದು, ಅವರೆಕಾಳಿನ ಗಾತ್ರದ ಚೂರುಗಳಾಗಿ ಹಿಟ್ಟಿನಲ್ಲಿ ಉಳಿಯಬೇಕು. ಓವನ್‌ನಲ್ಲಿ ಆ ಚೂರುಗಳು ಕರಗಿದ ಜಾಗದಲ್ಲೇ ಪದರ ಬಿಡುವುದು. ಬೆಣ್ಣೆ 32-35 ಡಿಗ್ರಿಗೆ ಕರಗುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಅಡುಗೆಮನೆಗಳು ಎಷ್ಟಿರುತ್ತವೆ ಹೇಳಿ! ನಮಗೆ ಎಸಿ ಹಾಕಿದ ಕೋಣೆ ಇದೆ, ಕಲ್ಲಿನ ಮೇಜಿದೆ. ಹಾಗಾಗಿ ತಳ ನಾವು ಮಾಡುತ್ತೇವೆ. ಬಿಸಿಬಿಸಿ ತಿನ್ನಬೇಕಾದ್ದನ್ನು ನೀವು ಮಾಡಿ.

ಇನ್ನೊಂದು ಅನುಕೂಲವೂ ಇದೆ. 'ತರಕಾರಿ ಕೀಶ್ ಅಂದಮೇಲೆ ವೆಜ್ ಅಲ್ವಾ?' ಅಂತ ಕೇಳಿ, ಡಬ್ಬಿಯ ಮೇಲೆ ಕಂದು ತ್ರಿಕೋನ ನೋಡಿ ವಾಪಸ್ ಇಟ್ಟವರಿದ್ದಾರೆ. ಮೊಟ್ಟೆ ಇದ್ದರೆ ಆ ಗುರುತು ಹಾಕಲೇಬೇಕು, ಅದು ನಿಯಮ. ಶೆಲ್‌ನಲ್ಲಿ ಮೊಟ್ಟೆ ಇಲ್ಲ, ಅದಕ್ಕೆ ಹಸಿರು ಚುಕ್ಕಿ. ಒಳಗೆ ಏನು ಹಾಕುತ್ತೀರಿ ಅನ್ನುವುದು ನಿಮ್ಮಿಷ್ಟ. ಮೊಟ್ಟೆ ತಿನ್ನದವರು 200 ಗ್ರಾಂ ಪನ್ನೀರನ್ನು ಅರ್ಧ ಕಪ್ ಹಾಲು, ಒಂದು ಚಮಚ ಕಾರ್ನ್‌ಫ್ಲೋರ್ ಹಾಕಿ ರುಬ್ಬಿ ತುಂಬಬಹುದು. ಚೆನ್ನಾಗಿರುತ್ತದೆ, ಆದರೆ ನಮ್ಮ ಲೆಕ್ಕದಲ್ಲಿ ಅದು ಪನ್ನೀರ್ ಟಾರ್ಟ್, ಕೀಶ್ ಅಲ್ಲ. ಹಾಗೆ ನೋಡಿದರೆ ಫ್ರಾನ್ಸಿನ ಲೊರೇನ್ ಕಡೆಯ ಹಳೇ ಕೀಶ್‌ನಲ್ಲಿ ತರಕಾರಿಯೂ ಇಲ್ಲ, ಚೀಸೂ ಇಲ್ಲ. ಮೊಟ್ಟೆ, ಕ್ರೀಮ್, ಹಂದಿಮಾಂಸ ಅಷ್ಟೇ. ನಾವೆಲ್ಲ ಆಗಲೇ ದಾರಿ ತಪ್ಪಿದವರೇ!

ಈಗ ಮಾಡುವ ವಿಧಾನ. ನಮ್ಮ ಶೆಲ್ 8 ಇಂಚಿನದು, ಅಲ್ಯೂಮಿನಿಯಂ ತಟ್ಟೆಯಲ್ಲೇ ಬರುತ್ತದೆ. ಓಟಿಜಿಯನ್ನು, ಅಂದರೆ ಮನೆಯ ಸಣ್ಣ ಎಲೆಕ್ಟ್ರಿಕ್ ಓವನ್ನನ್ನು, 190 ಡಿಗ್ರಿಗೆ ಕಾಯಿಸಿ, ಒಳಗೆ ಒಂದು ಟ್ರೇ ಇಟ್ಟು ಅದೂ ಕಾಯಲಿ. ಶೆಲ್ಲನ್ನು ಫ್ರೀಜರ್‌ನಿಂದ ನೇರವಾಗಿ ತೆಗೆದು ಮೇಲೆ ಬಟರ್ ಪೇಪರ್ ಹಾಸಿ, ಕಡಲೆಕಾಳು ತುಂಬಿ. ಸುಮ್ನೆ ಒಂದು ಹಿಡಿ ಉದುರಿಸಿದರೆ ಸಾಲದು, ಅಂಚಿನವರೆಗೂ ತುಂಬಬೇಕು. ಭಾರ ಇಲ್ಲದಿದ್ದರೆ ಬದಿಗಳು ಜಾರಿ ಕೆಳಗೆ ಕುಸಿಯುತ್ತವೆ. ಕಾದ ಟ್ರೇ ಮೇಲೆ 20 ನಿಮಿಷ ಬೇಯಿಸಿ. ಆಮೇಲೆ ಪೇಪರ್, ಕಾಳು ತೆಗೆದು, ತಳ ಒಣಗಿ ತಿಳಿ ಹೊಂಬಣ್ಣ ಬರುವವರೆಗೆ ಇನ್ನೊಂದು 8 ನಿಮಿಷ. ಆ ಕಾಳನ್ನು ಸಾರಿಗೆ ಹಾಕಬೇಡಿ, ಡಬ್ಬಿಯಲ್ಲಿಟ್ಟು ಮುಂದಿನ ಸಲಕ್ಕೆ ಬಳಸಿ.

ತುಂಬಲು 3 ಮೊಟ್ಟೆ, 200 ಮಿಲಿ ಫುಲ್ ಕ್ರೀಮ್ ಹಾಲು, 100 ಮಿಲಿ ಪ್ಯಾಕೆಟ್ ಕ್ರೀಮ್. ಬರೀ ಟೋನ್ಡ್ ಹಾಲಿನಲ್ಲಿ ಮಾಡಿದರೂ ಗಟ್ಟಿಯಾಗುತ್ತದೆ, ಆದರೆ ಆ ಮೆದುತನ ಬರುವುದಿಲ್ಲ. ನೊರೆ ಬರುವಷ್ಟು ಕಡೆಯಬೇಡಿ, ಹಳದಿ-ಬಿಳಿ ಬೆರೆತರೆ ಸಾಕು. ಕಾಳುಮೆಣಸು, ಸ್ವಲ್ಪ ಜಾಯಿಕಾಯಿ ತುರಿ ಹಾಕಿ. ಚೀಸ್‌ನಲ್ಲಿ ಉಪ್ಪಿರುತ್ತದೆ, ಅದಕ್ಕೇ ಉಪ್ಪಿನಲ್ಲಿ ಕೈ ಹಿಡಿತ ಇರಲಿ.

ತರಕಾರಿ ವಿಷಯಕ್ಕೆ ಮಾತ್ರ ಸ್ವಲ್ಪ ಹಠ ಮಾಡುತ್ತೇವೆ. ಹಸಿ ತರಕಾರಿ ಹಾಕಲೇಬೇಡಿ. ಒಂದು ದೊಡ್ಡ ಕಟ್ಟು ಪಾಲಕ್ಕನ್ನು ಬಾಣಲೆಯಲ್ಲಿ ಬಾಡಿಸಿ, ಆರಿದ ಮೇಲೆ ತೆಳು ಬಟ್ಟೆಯಲ್ಲಿ ಕಟ್ಟಿ ಹಿಂಡಿ ನೋಡಿ. ಅರ್ಧ ಲೋಟದಷ್ಟು ಹಸಿರು ನೀರು ಇಳಿಯುತ್ತದೆ, ಕೈಯಲ್ಲಿ ಉಳಿಯುವುದು ನಿಂಬೆಹಣ್ಣಿನಷ್ಟು ಸೊಪ್ಪು. ಹಿಂಡದಿದ್ದರೆ ಆ ನೀರೆಲ್ಲ ನಿಮ್ಮ ಕೀಶ್ ಒಳಗೆ! ಅಣಬೆಯನ್ನು ನೀರು ಬಿಟ್ಟು, ಆ ನೀರು ಇಂಗಿ, ಬಾಣಲೆಯಲ್ಲಿ ಸದ್ದು ಶುರುವಾಗುವವರೆಗೆ ಹುರಿಯಿರಿ. ಈರುಳ್ಳಿ, ದೊಣ್ಣೆ ಮೆಣಸಿನಕಾಯಿಯನ್ನೂ ಹುರಿದೇ ಹಾಕಿ. ಟೊಮೆಟೊ ಬೇಕೇ ಬೇಕು ಅನ್ನುವವರು ಬೀಜ ತೆಗೆಯಿರಿ. ಸೀಮೆಬದನೆ, ಸೋರೆಕಾಯಿ ಪಲ್ಯಕ್ಕೇ ಇರಲಿ. ಎಲ್ಲ ಸೇರಿ ಒಂದು ಕಪ್ಪಿಗಿಂತ ಜಾಸ್ತಿ ಬೇಡ.

ಬೆಂದ ಶೆಲ್‌ಗೆ ಮೊದಲು ತುರಿದ ಚೀಸ್, ಆಮೇಲೆ ತರಕಾರಿ, ಕೊನೆಗೆ ಮೊಟ್ಟೆಯ ಮಿಶ್ರಣ. ಚೀಸ್ ಕೆಳಗಿದ್ದರೆ ತಳಕ್ಕೆ ಬೇಗ ನೀರು ಇಳಿಯುವುದಿಲ್ಲ. ಉರಿ 165 ಡಿಗ್ರಿಗೆ ಇಳಿಸಿ ಸುಮಾರು 35 ನಿಮಿಷ. ಅಂಚು ಗಟ್ಟಿಯಾಗಿ, ತಟ್ಟೆ ಅಲ್ಲಾಡಿಸಿದಾಗ ನಡುಭಾಗ ಗಿಣ್ಣಿನ ಹಾಗೆ ನಡುಗಬೇಕು. ಆಗಲೇ ತೆಗೆಯಿರಿ, ಉಳಿದದ್ದು ಒಳಗಿನ ಬಿಸಿಗೇ ಗಟ್ಟಿಯಾಗುತ್ತದೆ. ಇನ್ನೂ ಇರಲಿ ಅಂತ ಬಿಟ್ಟರೆ ಮೊಟ್ಟೆ ಬಿಗಿದು, ತೂತು ತೂತಾಗಿ, ನೀರು ಬಿಡುತ್ತದೆ. 20 ನಿಮಿಷ ಬಿಟ್ಟು ಕತ್ತರಿಸಿ.

ಮೈಕ್ರೋವೇವ್‌ನ ಕನ್ವೆಕ್ಷನ್ ಮೋಡ್‌ನಲ್ಲಿ ಮಾಡಬಹುದು, ಆದರೆ ಈ ಅಲ್ಯೂಮಿನಿಯಂ ತಟ್ಟೆಯನ್ನು ಬರೀ ಮೈಕ್ರೋ ಮೋಡ್‌ನಲ್ಲಿ ಇಡಬೇಡಿ. ಬಾಣಲೆಯಲ್ಲಿ ಉಪ್ಪು ಹಾಕಿ ಕೇಕ್ ಮಾಡುವ ವಿಧಾನ ಇದಕ್ಕೆ ಒಗ್ಗುವುದಿಲ್ಲ, ತಳ ಸೀದು ಮೇಲೆ ಬಿಳಚಿಕೊಂಡಿರುತ್ತದೆ.

ಶೆಲ್‌ನ ಬೆಲೆ ಇಡೀ ಕೀಶ್‌ನ ಅರ್ಧಕ್ಕಿಂತ ಕಡಿಮೆ. ಪ್ರತಿ ಪ್ಯಾಕೆಟ್ ಜೊತೆ ಒಂದು ಉಂಡೆ ಹಿಟ್ಟನ್ನೂ ಇಟ್ಟಿರುತ್ತೇವೆ. ದಾರಿಯಲ್ಲಿ ಶೆಲ್ ಬಿರುಕು ಬಿಟ್ಟರೆ ಬೇಯಿಸುವ ಮೊದಲು ಅದರಿಂದ ತೇಪೆ ಹಚ್ಚಿ. ಸಮಾರಂಭಕ್ಕೆ ಬೇಯಿಸಿದ ಕೀಶ್ ಮುಂಗಡ ಹೇಳಿರುವವರು ಚಿಂತಿಸಬೇಡಿ, ಒಪ್ಪಿಕೊಂಡ ಆರ್ಡರ್‌ಗಳನ್ನು ಮಾಡಿಯೇ ಕೊಡುತ್ತೇವೆ. ಶೆಲ್ ಬೇಕಾದವರು ಗುರುವಾರ ಸಂಜೆಯೊಳಗೆ ಹೇಳಿದರೆ ಶನಿವಾರ ಬೆಳಗ್ಗೆ ಕೊಡುತ್ತೇವೆ. ಬರುವಾಗ ಐಸ್ ಪ್ಯಾಕ್ ಇರುವ ಚೀಲ ತನ್ನಿ.

ಇಂತಿ,
ನಿಮ್ಮ ಬೇಕರಿ ಬಳಗ