ಸಾಲದ ಕಾಗದ ಕನ್ನಡದಲ್ಲಿ ಕೊಡಿಸಿ: ಕಾಸರಗೋಡಿನ ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಸಂಸದರೇ,

ನಮಸ್ಕಾರ. ನಾನು ಬದಿಯಡ್ಕದ ಕಡೆಯವನು. ನಮ್ಮ ಸಾಲದ ಕಾಗದ ನಮಗೆ ಓದಲು ಬರುವ ಭಾಷೆಯಲ್ಲಿ ಬೇಕು, ಕೇಳುವುದು ಇಷ್ಟೇ. ಇದಕ್ಕೆ ಹೊಸ ಕಾನೂನೇನೂ ಬೇಡ. 2024ರ ಅಕ್ಟೋಬರ್ 1ರಿಂದಲೇ ರಿಸರ್ವ್ ಬ್ಯಾಂಕಿನ ನಿಯಮ ಜಾರಿಯಲ್ಲಿದೆ. ಸಾಲ ಕೊಡುವ ಮೊದಲು ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಅಂತ ಒಂದು ಕಾಗದ ಕೊಡಬೇಕು, ಬಡ್ಡಿಯ ಜೊತೆ ಉಳಿದ ಖರ್ಚೆಲ್ಲ ಸೇರಿ ವರ್ಷಕ್ಕೆ ಶೇಕಡಾ ಎಷ್ಟು ಬೀಳುತ್ತದೆ ಅಂತ ಅದರಲ್ಲಿರಬೇಕು, ಅದು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ವಿವರಿಸಿ ಹೇಳಿ ಆಮೇಲೆ ಸಹಿ ಹಾಕಿಸಬೇಕು. ಅದರಲ್ಲಿ ಇಲ್ಲದ ಶುಲ್ಕವನ್ನು ನಮ್ಮ ಒಪ್ಪಿಗೆ ಇಲ್ಲದೆ ಹಾಕುವಂತಿಲ್ಲ.

ಇಲ್ಲಿ ಆಗುವುದೇ ಬೇರೆ. ಅಡಿಕೆಗೆ ಮದ್ದು ಬಿಡುವ ಹೊತ್ತಿಗೆ ನಮ್ಮ ನೆರೆಮನೆಯ ಅಕ್ಕ ಬಳೆ ಅಡವಿಟ್ಟರು. ಅವರು ಓದಿದ್ದು ಕನ್ನಡ ಶಾಲೆಯಲ್ಲಿ, ಮಲಯಾಳ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಕೊಟ್ಟ ಕಾಗದ ಮಲಯಾಳ ಮತ್ತು ಇಂಗ್ಲಿಷಿನಲ್ಲಿತ್ತು. ‘ನನಗೆ ಎಲ್ಲ ಅರ್ಥವಾಗಿದೆ’ ಎಂಬ ಸಾಲಿನ ಕೆಳಗೆ ಸಹಿ ಹಾಕಿಸಿಕೊಂಡರು, ಆ ಸಾಲನ್ನೇ ಅವರಿಗೆ ಓದಲಾಗಲಿಲ್ಲ! ಕೇಳಿದರೆ, ಇಲ್ಲಿನ ಭಾಷೆ ಇದೇ ಅಲ್ವಾ ಅಂದರು. ಕೌಂಟರಿನ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನ ಕಂಪ್ಯೂಟರಿನಲ್ಲಿ ಕನ್ನಡದ ಫಾರಂ ಇಲ್ಲ. ರಾಜ್ಯಕ್ಕೊಂದು ಭಾಷೆ ಅಂತ ಮೇಲಿನವರು ಲೆಕ್ಕ ಹಾಕಿದ್ದಾರೆ, 1956ರಲ್ಲಿ ಕೇರಳಕ್ಕೆ ಸೇರಿದ ನಾವು ಆ ಲೆಕ್ಕದಲ್ಲಿಲ್ಲ.

ಚಿನ್ನದ ಸಾಲಕ್ಕೆ 2025ರ ಜೂನಿನಲ್ಲಿ ಬಂದ ನಿಯಮವೂ ಒಳ್ಳೆಯದೇ. ಸಾಲ ಪೂರ್ತಿ ತೀರಿಸಿ 7 ಕೆಲಸದ ದಿನ ದಾಟಿದರೂ ಸಾಲ ಕೊಟ್ಟವರ ತಪ್ಪಿನಿಂದ ಚಿನ್ನ ವಾಪಸ್ ಬಾರದಿದ್ದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಆದರೆ ಓದಲಾಗದವರು ಇದನ್ನು ಕೇಳುವುದು ಹೇಗೆ? ಆ ನಿಯಮದ ಕರಡು ಏಪ್ರಿಲ್‌ನಲ್ಲಿ ಬಂದಾಗ ಚಿನ್ನದ ಬೆಲೆಯ ಶೇಕಡಾ 75ಕ್ಕಿಂತ ಜಾಸ್ತಿ ಸಾಲ ಇಲ್ಲ ಎಂದಿತ್ತು. ತಮಿಳುನಾಡಿನ ಮುಖ್ಯಮಂತ್ರಿ ಕೇಂದ್ರಕ್ಕೆ ಪತ್ರ ಬರೆದರು, ಹಣಕಾಸು ಸಚಿವಾಲಯವೂ ಸಣ್ಣ ಸಾಲಗಾರರ ಪರವಾಗಿ ಹೇಳಿತು, ಕೊನೆಗೆ ಎರಡೂವರೆ ಲಕ್ಷದವರೆಗಿನ ಸಾಲಕ್ಕೆ 85 ಆಯಿತು. ಗಟ್ಟಿಯಾಗಿ ಕೇಳುವವರಿದ್ದರೆ ನಿಯಮ ಬದಲಾಗುತ್ತದೆ. ನಮ್ಮ ಪರವಾಗಿ ಕೇಳಬೇಕಾದವರು ನೀವು.

ಜಿಲ್ಲೆಯ ಬ್ಯಾಂಕುಗಳ ಪರಿಶೀಲನಾ ಸಭೆಗೆ ನಿಮಗೂ ಕರೆ ಇರುತ್ತದೆ. ಮುಂದಿನ ಸಭೆಗೆ ದಯವಿಟ್ಟು ಹೋಗಿ. ಮಂಜೇಶ್ವರ ಮತ್ತು ಕಾಸರಗೋಡು ತಾಲೂಕಿನ ಯಾವ ಯಾವ ಶಾಖೆಯಲ್ಲಿ ಕನ್ನಡದ ಕಾಗದ ಇದೆ ಅಂತ ಲಿಖಿತ ಉತ್ತರ ಕೇಳಿ, ಇಲ್ಲದ ಕಡೆ ಯಾವಾಗ ಬರುತ್ತದೆ ಅಂತ ತಾರೀಕು ಕೇಳಿ. ಆ ಉತ್ತರವನ್ನು ಜನರ ಮುಂದಿಡಿ.

ಇಂತಿ,
ಬದಿಯಡ್ಕದ ಒಬ್ಬ ಕನ್ನಡಿಗ ಮತದಾರ