ಬಿದ್ರಿ ಕುಶಲಕರ್ಮಿಗಳಿಗೆ ಬೆಳ್ಳಿ ಸಿಗಲಿ

ಬೆಳ್ಳಿ ಬೆಲೆ ಏರಿಕೆಯ ವರದಿಗಳಲ್ಲಿ ಆಭರಣ ವ್ಯಾಪಾರಿಗಳ, ಹೂಡಿಕೆದಾರರ ಲೆಕ್ಕಾಚಾರವೇ ತುಂಬಿರುತ್ತದೆ. ಬೀದರ್‌ನ ಬಿದ್ರಿ ಕುಶಲಕರ್ಮಿಗಳಿಗೆ ಬಿದ್ದಿರುವ ಹೊಡೆತ ಹೆಚ್ಚಿನವರ ಗಮನಕ್ಕೆ ಬಂದಂತಿಲ್ಲ.

ಸತು ಮತ್ತು ತಾಮ್ರದ ಮಿಶ್ರಲೋಹದಲ್ಲಿ ಎರಕ ಹೊಯ್ದ ಹೂಜಿ, ತಟ್ಟೆಗಳ ಮೇಲೆ ಕೈಯಿಂದಲೇ ಚಿತ್ತಾರ ಬಿಡಿಸಿ, ಉಳಿಯಿಂದ ಕೊರೆದು, ಆ ಗೀರುಗಳಲ್ಲಿ ಬೆಳ್ಳಿಯ ತಂತಿ ಅಥವಾ ತಗಡನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಎಂಬ ಲವಣ ಬೆರೆಸಿ ಹಚ್ಚಿದಾಗ ಲೋಹ ಕಡುಗಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತ ಉಳಿಯುತ್ತದೆ. ಬಿದ್ರಿಯ ಸೊಬಗೆಲ್ಲ ಇರುವುದು ಈ ಕಪ್ಪು–ಬಿಳುಪಿನಲ್ಲೇ.

ಬೆಳ್ಳಿ ಕಿಲೋಗೆ ಲಕ್ಷ ರೂಪಾಯಿ ದಾಟಿದ ಮೇಲೆ, ದಿನದ ದುಡಿಮೆಯನ್ನೇ ನಂಬಿದವರು ಅದನ್ನು ಮೊದಲೇ ಕೊಂಡು, ವಸ್ತು ಮಾರಾಟವಾಗುವವರೆಗೆ ಕಾಯುವುದಾದರೂ ಹೇಗೆ? ಬೆಳ್ಳಿ ಕಡಿಮೆ ಮಾಡಿದರೆ ಚಿತ್ತಾರ ಬಡವಾಗುತ್ತದೆ. ಬೆಲೆ ಏರಿಸಿದರೆ ಗ್ರಾಹಕರು ದೂರ ಸರಿಯುತ್ತಾರೆ. ಬಿದ್ರಿ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ಪ್ರಶಸ್ತಿಯೊಂದೇ ಕಚ್ಚಾವಸ್ತುವಿನ ಖರ್ಚನ್ನು ತುಂಬಿಕೊಡದು.

ಗಣ್ಯರಿಗೆ ಬಿದ್ರಿ ಸ್ಮರಣಿಕೆ ನೀಡುವ ಸರ್ಕಾರಿ ಇಲಾಖೆಗಳು ಬೇಡಿಕೆ ಸಲ್ಲಿಸುವಾಗಲೇ ಬೆಳ್ಳಿಯ ಮೊತ್ತವನ್ನು ಮುಂಗಡವಾಗಿ ಕೊಡಲಿ. ಜೊತೆಗೆ, ರಾಜ್ಯ ಕರಕುಶಲ ಅಭಿವೃದ್ಧಿ ನಿಗಮವು ಸಗಟಾಗಿ ಬೆಳ್ಳಿ ಖರೀದಿಸಿ, ಗುರುತಿನ ಚೀಟಿ ಹೊಂದಿದ ಕುಶಲಕರ್ಮಿಗಳಿಗೆ ಬಡ್ಡಿಯಿಲ್ಲದೆ ಸಾಲವಾಗಿ ತೂಗಿ ಕೊಟ್ಟು, ವಸ್ತು ಮಾರಾಟವಾದ ಬಳಿಕ ಹಣ ಪಡೆಯುವ ವ್ಯವಸ್ಥೆಯನ್ನು ಬೀದರ್‌ನಲ್ಲೇ ಆರಂಭಿಸಬೇಕು.

– ಓದುಗ, ಬೀದರ್